ರೋಗಿಯ ಪಾತ್ರಕ್ಕೆ ನಮ್ಮ ಸೀಮೆಯ ಜನ
ಆರೋಗ್ಯವಂತನಾದ ಮನುಷ್ಯನೊಬ್ಬನು ನಿಯತವಾದ ರೋಗಲಕ್ಷಣಗಳನ್ನು ಅಭ್ಯಸಿಸಿ, ವೈದ್ಯವಿದ್ಯಾರ್ಥಿಯ ಮುಂದೆ ರೋಗಿಯಾಗಿ ಕುಳಿತು, ಅವನ ಪ್ರಶ್ನೆ, ಸ್ಪರ್ಶ, ಮೌನಗಳನ್ನೆಲ್ಲ ಗಮನಿಸಿ, ಕೊನೆಗೆ ತನಗಾದ ಅನುಭವವನ್ನು ತಿಳಿಸುವ ಪದ್ಧತಿಯನ್ನು ಹೋವರ್ಡ್ ಬ್ಯಾರೋಸ್ ಎಂಬ ನರರೋಗತಜ್ಞರು 1963ರಲ್ಲಿ ಅಮೆರಿಕದಲ್ಲಿ ಆರಂಭಿಸಿದರು. ನಮ್ಮ ದೇಶದಲ್ಲಿಯೂ 2019ರಿಂದ ಜಾರಿಗೆ ಬಂದ ವೈದ್ಯಕೀಯ ಪಠ್ಯಕ್ರಮವು ನಡತೆ, ನೀತಿ, ಸಂವಹನಗಳ ಶಿಕ್ಷಣವನ್ನು ಒಳಗೊಂಡಿರುವುದರಿಂದ, ರೋಗಿಯ ಪಾತ್ರ ವಹಿಸುವ ಈ ಕಾರ್ಯಕ್ಕೆ ರಾಮನಗರದ ಬಳಿಯ ಬಿಡದಿಯ ಸುತ್ತಣ ಜನರನ್ನು ಯೋಗ್ಯ ಸಂಭಾವನೆಯಿತ್ತು ಕರೆಯಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ರಾಮನಗರದ ರೇಷ್ಮೆ ನೂಲು ಬಿಚ್ಚಾಣಿಕೆಯ ಕೊಠಡಿಯಲ್ಲಿ ಬಿಸಿನೀರಿಗೆ ಬೆರಳದ್ದಿ, ಹಬೆಯನ್ನೂ ಹೊಗೆಯನ್ನೂ ಸೇವಿಸುತ್ತ ದುಡಿಯುವ ಹೆಂಗಸಿಗೆ ಉಬ್ಬಸವೂ ಕೈಯ ಚರ್ಮರೋಗವೂ ಬರುವುದುಂಟು; ಆದರೆ ಕೇಳದಿದ್ದರೆ ಆಕೆ ತನ್ನ ಕಸುಬನ್ನು ವೈದ್ಯರೆದುರು ಹೇಳಳು, ಕೂಲಿ ತಪ್ಪೀತೆಂಬ ಭಯದಿಂದ ಬಾಧೆಯನ್ನೂ ಕಿರಿದುಗೊಳಿಸಿ ನುಡಿವಳು. ಈ ಸಂಕೋಚವನ್ನು ವೈದ್ಯಶಿಕ್ಷಣದಲ್ಲಿ ಬಳಸುವ ರಬ್ಬರಿನ ಬೊಂಬೆಯು ಅಭಿನಯಿಸಲಾರದು. ನೆರೆಮನೆಯಲ್ಲಿ ಅದನ್ನು ಕಂಡವಳು ಅಭಿನಯಿಸಬಲ್ಲಳು. ಪೌರಾಣಿಕ ನಾಟಕಗಳಿಗಾಗಿ ತಿಂಗಳುಗಟ್ಟಲೆ ಅಭ್ಯಾಸ ಮಾಡುವ ಕಲಾವಿದರಂತೂ ಈ ಸೀಮೆಯ ಹಳ್ಳಿಗಳಲ್ಲಿ ಇಂದಿಗೂ ಇದ್ದಾರೆ.

ಅಭಿನಯವಷ್ಟೇ ಸಾಲದು. ವಿದ್ಯಾರ್ಥಿಯು ಮುಖವೆತ್ತಿ ನೋಡಲಿಲ್ಲವೆಂದೂ, ಅನುಮತಿ ಬೇಡದೆ ಮೈಮೇಲೆ ಕೈಯಿಟ್ಟನೆಂದೂ ನಿರ್ಭಯವಾಗಿ ಹೇಳುವ ಅಧಿಕಾರವನ್ನು ಈ ಪಾತ್ರಧಾರಿಗಳಿಗೆ ಕೊಡತಕ್ಕದ್ದು. ನಿಜವಾದ ರೋಗಿಗೆ ಆ ಧೈರ್ಯವು ನಮ್ಮಲ್ಲಿ ಅಪೂರ್ವ. ಬಿಡದಿ, ಕನಕಪುರಗಳ ಆಸುಪಾಸಿನ ವೈದ್ಯಕೀಯ ಹಾಗೂ ನರ್ಸಿಂಗ್ ಕಾಲೇಜುಗಳು ಈ ಪದ್ಧತಿಯನ್ನು ಮುಂದಿನ ಶೈಕ್ಷಣಿಕ ವರ್ಷದಿಂದಲೇ ಆರಂಭಿಸಬಹುದು.