ಗಡಿಯಾರಕ್ಕೆ ಸರಿಯಾದ ಹೆಸರು ಬೇಕು

ಮೊಬೈಲಿನಲ್ಲಿ ಒಂದೇ ಗಡಿಯಾರ ಇರುತ್ತದೆ ಎಂದು ನಮ್ಮಲ್ಲಿ ಬಹಳ ಜನ ತಿಳಿದಿದ್ದಾರೆ. ಆಂಡ್ರಾಯ್ಡ್ ಫೋನಿನ ಬುಡದಲ್ಲಿರುವ ಲಿನಕ್ಸ್ ಕರ್ನಲ್‌ನಲ್ಲಿ ಹಲವು ಇವೆ. ಅವುಗಳಿಗೆ ಇಟ್ಟಿರುವ ಹೆಸರಿನ ಬಗ್ಗೆಯೇ ನನ್ನ ತಕರಾರು.

ಮುಖ್ಯವಾದವು ಮೂರು. 'ರಿಯಲ್‌ಟೈಮ್' ನಮ್ಮ ಗೋಡೆ ಗಡಿಯಾರವಿದ್ದಂತೆ. 1970ರ ಜನವರಿ 1ರಿಂದ ಸೆಕೆಂಡು ಎಣಿಸುತ್ತದೆ, ಆದರೆ ಅದನ್ನು ಹಿಂದೆ ಮುಂದೆ ತಿರುಗಿಸಬಹುದು. 'ಮೊನೊಟಾನಿಕ್' ಎಂದೂ ಹಿಂದೆ ಹೋಗದು, ಆದರೆ ಯಂತ್ರ ನಿದ್ದೆ ಹೋದಾಗ ತಾನೂ ನಿಲ್ಲುತ್ತದೆ. 'ಬೂಟ್‌ಟೈಮ್' ನಿದ್ದೆಯನ್ನೂ ಲೆಕ್ಕ ಹಿಡಿಯುತ್ತದೆ.

ಇದರಿಂದ ನಮಗೇನು ಎನ್ನಬೇಡಿ. ಮೊಬೈಲಿನಲ್ಲಿ ಮೂರು ತಾಸಿನ ಮಾದರಿ ಪರೀಕ್ಷೆ ಇಟ್ಟರು ಎನ್ನಿ. ಆ್ಯಪ್ ಫೋನಿನ ರಿಯಲ್‌ಟೈಮ್ ನಂಬಿದರೆ, ಗಡಿಯಾರವನ್ನು ಒಂದು ತಾಸು ಹಿಂದಿಟ್ಟವನಿಗೆ ನಾಲ್ಕು ತಾಸು ಸಿಗುತ್ತದೆ. ಮೊನೊಟಾನಿಕ್ ನಂಬಿದರೆ, ಫೋನ್ ಮಲಗಿಸಿ ಪುಸ್ತಕ ತೆರೆದವನಿಗೆ ಲಾಭ. ನಿಯತ್ತಿನಿಂದ ಬರೆದವನಿಗೆ ಎರಡರಲ್ಲೂ ನಷ್ಟ. 'ರಿಯಲ್' ಎಂದು ಬರೆದಿದ್ದರೆ ಅದೇ ನಂಬಿಕಸ್ಥ ಎಂದು ಹೊಸಬ ಆರಿಸುವುದಿಲ್ಲವೇ? ಆಂಡ್ರಾಯ್ಡ್‌ನಲ್ಲಂತೂ 'ಎಲಾಪ್ಸ್ಡ್ ರಿಯಲ್‌ಟೈಮ್' ಎಂದರೆ ಫೋನ್ ಶುರುವಾದಾಗಿನಿಂದ ನಿದ್ದೆಯೂ ಸೇರಿದ ಲೆಕ್ಕ. ಅದೇ ಶಬ್ದ, ಬೇರೆ ಗಡಿಯಾರ!

ನಮ್ಮ ಕಾಮರ್ಸ್‌ನಲ್ಲಿ ಹೀಗಿಲ್ಲ. ರಿಯಲ್ ಖಾತೆ ಎಂದ ಕೂಡಲೇ ಒಳಬಂದದ್ದು ಡೆಬಿಟ್, ಹೊರಹೋದದ್ದು ಕ್ರೆಡಿಟ್ ಎಂದು ಬಾಯಿಗೆ ಬರುತ್ತದೆ. ಹೆಸರಿನಲ್ಲೇ ನಿಯಮ ಇದೆ. ಮಸೀದಿಯ ಗೋಡೆ ನೋಡಿ: ಸಾಲಾಗಿ ಗಡಿಯಾರದ ಮುಖಗಳು, ಪ್ರತಿಯೊಂದರ ಕೆಳಗೆ ಫಜರ್, ಜೋಹರ್, ಅಸರ್ ಎಂದು ಹೆಸರು. ಜೋಹರ್ ಹೊತ್ತು ಸೂರ್ಯ ನೆತ್ತಿ ದಾಟಿದ ಮೇಲೆ. ಭಾರತದ ಸಮಯ 82.5 ಡಿಗ್ರಿ ರೇಖಾಂಶದ್ದು, ಬೀದರ್ ಇರುವುದು 77.5ರ ಹತ್ತಿರ. ಹೀಗಾಗಿ ಕೈಗಡಿಯಾರ 12 ತೋರಿಸಿ ಸರಾಸರಿ 20 ನಿಮಿಷವಾದ ಮೇಲೆ ನಮ್ಮ ಬಗದಲ್‌ನಲ್ಲಿ ನಡು ಮಧ್ಯಾಹ್ನ. ಸೂರ್ಯನ ಹೊತ್ತು ಬೇರೆ, ಗಡಿಯಾರದ ಹೊತ್ತು ಬೇರೆ ಎಂದು ಎಲ್ಲರಿಗೂ ಗೊತ್ತು, ಜಗಳವಿಲ್ಲ.

ಹಾಗಾದರೆ ಹಳೆಯದನ್ನೇ ತಿದ್ದಬಹುದಲ್ಲ? 2018ರಲ್ಲಿ ಲಿನಕ್ಸ್ 4.17 ತಯಾರಾಗುವಾಗ ಮೊನೊಟಾನಿಕ್ ಕೂಡ ನಿದ್ದೆ ಎಣಿಸುವಂತೆ ಮಾಡಲು ಹೊರಟರು. ಹಳೆಯ ನಡತೆ ನಂಬಿದ್ದ ಪ್ರೋಗ್ರಾಂಗಳಿಗೆ ತೊಂದರೆಯಾಯಿತು, ಬಿಡುಗಡೆಗೆ ಮೊದಲೇ ವಾಪಸ್ ತೆಗೆದುಕೊಂಡರು. ಸರಿಯೇ ಮಾಡಿದರು. ಖಾತೆಯ ಹೆಸರು ಹಾಗೇ ಇಟ್ಟು ಒಳಗಿನ ಲೆಕ್ಕ ಬದಲಿಸಿದರೆ ಯಾವ ಆಡಿಟರ್ ಒಪ್ಪುತ್ತಾರೆ? ಹಳೆಯದು ಹಳೆಯ ಅರ್ಥದಲ್ಲೇ ಇರಲಿ, ಮುಂದೆ ಬರುವ ಗಡಿಯಾರಕ್ಕಾದರೂ ಬಿಚ್ಚಿ ಹೇಳುವ ಹೆಸರಿಡಲಿ.

ನಮ್ಮ ಕಂಪ್ಯೂಟರ್ ಲ್ಯಾಬಿನ ಗೆಳೆಯರು ಇಂದಿನಿಂದಲೇ ಒಂದು ಕೆಲಸ ಮಾಡಬಹುದು. ಟೈಮರ್ ಬರೆದಾಗ ಪಕ್ಕದಲ್ಲಿ ಒಂದು ಸಾಲು ಟಿಪ್ಪಣಿ ಹಾಕಲಿ: ಈ ಗಡಿಯಾರವನ್ನು ಯಾರಾದರೂ ತಿರುಗಿಸಬಹುದೇ, ಇದು ನಿದ್ದೆ ಎಣಿಸುತ್ತದೆಯೇ.