ಆಂಟೆನಾ ಪುಸ್ತಕ ಓದಲು ಪುರುಸೊತ್ತಿದೆಯೇ?

ನನ್ನ ಮನೆ ಪೀಣ್ಯದಲ್ಲಿ. ಓದುತ್ತಿರುವುದು ಬಿಇ, ಎಲೆಕ್ಟ್ರಾನಿಕ್ಸ್ ಆ್ಯಂಡ್ ಕಮ್ಯುನಿಕೇಷನ್. ಆಂಟೆನಾ ವಿಷಯ ಬಂತೆಂದರೆ ಸೀನಿಯರ್‌ಗಳ ಸಲಹೆ ಒಂದೇ: ‘ಹಳೇ ಪ್ರಶ್ನೆಪತ್ರಿಕೆ ನೋಡ್ಕೊ, ನಾಲ್ಕು ಡೆರಿವೇಷನ್ ಬಾಯಿಪಾಠ ಮಾಡ್ಕೊ, ಉಳಿದ ಟೈಮಲ್ಲಿ ಕೋಡಿಂಗ್ ಕಲಿ.’ ಇದು ಕೆಟ್ಟ ಸಲಹೆ ಎನ್ನಲಾರೆ. ನಮ್ಮ ಕ್ಯಾಂಪಸ್‌ಗೆ ಬರುವವು ಬಹುಪಾಲು ಸಾಫ್ಟ್‌ವೇರ್ ಕಂಪನಿಗಳೇ. ಎಜುಕೇಷನ್ ಲೋನ್ ಇರುವ ಮನೆಯ ಕಂತನ್ನು ಮ್ಯಾಕ್ಸ್‌ವೆಲ್ ಸಮೀಕರಣ ಕಟ್ಟುವುದಿಲ್ಲ. ಆದರೂ ಮೂಲ ಪುಸ್ತಕವನ್ನೇ ಓದಬೇಕು ಎಂಬುದು ನನ್ನ ವಾದ.

ನಾನು ಹೇಳುತ್ತಿರುವುದು ಬಲಾನಿಸ್ ಅವರ ‘ಆಂಟೆನಾ ಥಿಯರಿ’ ಬಗ್ಗೆ. ಮೊದಲು ಬಂದದ್ದು 1982ರಲ್ಲಿ. ಈಗಿನ ಆವೃತ್ತಿ ಸಾವಿರ ಪುಟ ದಾಟಿದೆ. ನೋಡಿದರೇ ಗಾಬರಿಯಾಗುತ್ತದೆ, ನಿಜ. ಆದರೆ ಒಂದು ಉದಾಹರಣೆ ನೋಡಿ. ಅರ್ಧ ತರಂಗಾಂತರದ ಡೈಪೋಲ್ ಎಂದರೆ 73 ಓಮ್ ಎಂದು ನಮ್ಮ ಜೆರಾಕ್ಸ್ ನೋಟ್ಸ್ ಹೇಳಿ ಮುಗಿಸುತ್ತದೆ. ಪುಸ್ತಕ ಅಲ್ಲಿಗೆ ಬಿಡುವುದಿಲ್ಲ. 73ರ ಜೊತೆಗೆ 42.5 ಓಮ್ ರಿಯಾಕ್ಟೆನ್ಸ್ ಕೂಡ ಇದೆ, ಅದನ್ನು ಸೊನ್ನೆ ಮಾಡಬೇಕಾದರೆ ತಂತಿಯನ್ನು ಸ್ವಲ್ಪ ಗಿಡ್ಡ ಮಾಡಬೇಕು ಎನ್ನುತ್ತದೆ. ನೋಟ್ಸ್ ಉತ್ತರ ಬರೆಸುತ್ತದೆ, ಪುಸ್ತಕ ಕೈಗೆ ಕಟಿಂಗ್ ಪ್ಲೇಯರ್ ಕೊಡುತ್ತದೆ.

ಬೆಂಗಳೂರಿನ ಆಕಾಶವಾಣಿ ಎಫ್‌ಎಂ 101.3 ಮೆಗಾಹರ್ಟ್ಸ್‌ನಲ್ಲಿದೆ. 300ನ್ನು 101.3ರಿಂದ ಭಾಗಿಸಿದರೆ ತರಂಗಾಂತರ 2.96 ಮೀಟರ್. ಅದರ ಅರ್ಧ 1.48, ಶೇ 5ರಷ್ಟು ಕತ್ತರಿಸಿದರೆ ಸುಮಾರು 1.41. ಅಂದರೆ ಒಂದೊಂದು ಕಡೆಗೆ 70 ಸೆಂಟಿಮೀಟರ್ ತಂತಿ. ಎಸ್‌.ಪಿ. ರಸ್ತೆಗೂ ಹೋಗಬೇಕಿಲ್ಲ, ಮನೆಯಲ್ಲಿ ಉಳಿದ ವೈರಿಂಗ್ ತಂತಿ ಸಾಕು. (ಮೊಬೈಲ್‌ನಲ್ಲಿ ಎಫ್‌ಎಂ ಕೇಳಲು ಇಯರ್‌ಫೋನ್ ಚುಚ್ಚಲೇಬೇಕಿತ್ತಲ್ಲ, ಆ ವೈರೇ ಆಂಟೆನಾ!) ಇದನ್ನು ರೇಡಿಯೊಗೆ ಜೋಡಿಸಿ, ಅಡ್ಡಲಾಗಿ ಹಿಡಿದು ಮೆಲ್ಲಗೆ ತಿರುಗಿಸುವಾಗ ಧ್ವನಿ ಏರಿಳಿಯುವುದನ್ನು ಕೇಳಿದ ಮೇಲೆಯೇ ಪುಸ್ತಕದ ಆ ಎಂಟರ ಆಕಾರದ ಚಿತ್ರ ನನಗೆ ಅರ್ಥವಾದದ್ದು.

‘ಇದರಿಂದ ಕೆಲಸ ಸಿಗುತ್ತದಾ?’ ಎಂದು ಗೆಳೆಯರು ಕೇಳುತ್ತಾರೆ. ಗ್ಯಾರಂಟಿ ನಾನು ಕೊಡಲಾರೆ. ಆದರೆ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಯ ಕ್ಯಾಬ್‌ಗಳನ್ನಷ್ಟೇ ನೋಡುತ್ತಾ ಬೆಳೆದ ನಮಗೆ, ಉಪಗ್ರಹಗಳ ಜೊತೆ ಸಂಪರ್ಕ ಇಟ್ಟುಕೊಳ್ಳುವ ಇಸ್ರೊದ ಇಸ್ಟ್ರ್ಯಾಕ್ ಇದೇ ಪೀಣ್ಯದಲ್ಲಿರುವುದು ಮರೆತೇಹೋಗಿದೆ. 2008ರ ಚಂದ್ರಯಾನ-1ಕ್ಕಾಗಿ ಬ್ಯಾಲಾಳುವಿನಲ್ಲಿ ನಿಲ್ಲಿಸಿದ ಡಿಶ್‌ನ ವ್ಯಾಸ 32 ಮೀಟರ್. 2.2 ಗಿಗಾಹರ್ಟ್ಸ್‌ನಲ್ಲಿ ತರಂಗಾಂತರ ಸುಮಾರು 13.6 ಸೆಂಟಿಮೀಟರ್. ಅದನ್ನು ವ್ಯಾಸದಿಂದ ಭಾಗಿಸಿ 70ರಿಂದ ಗುಣಿಸಿದರೆ ಬೀಮ್‌ನ ಅಗಲ ಅಂದಾಜು 0.3 ಡಿಗ್ರಿ. ಚಂದ್ರ ನಮಗೆ ಕಾಣುವುದೇ ಅರ್ಧ ಡಿಗ್ರಿಯಷ್ಟು. ಅಷ್ಟು ದೊಡ್ಡ ಡಿಶ್‌ನ ನೋಟ ಚಂದ್ರನಿಗಿಂತಲೂ ಕಿರಿದು! ಪರೀಕ್ಷೆಗೆಂದು ಉರು ಹೊಡೆದ ಸೂತ್ರ ಇಷ್ಟು ಹತ್ತಿರದ ಸಂಗತಿ ಎಂದು ತರಗತಿಯಲ್ಲಿ ಯಾರೂ ಹೇಳಿರಲಿಲ್ಲ.

ಈ ಊರಿಗೆ ಈ ವಿದ್ಯೆ ಹೊಸದೂ ಅಲ್ಲ. ಮಿಷಿಗನ್‌ನಲ್ಲಿ ಪಿಎಚ್‌ಡಿ ಮುಗಿಸಿ 1953ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ ಮರಳಿದ ರಾಜೇಶ್ವರಿ ಚಟರ್ಜಿ ಇಲ್ಲಿಯೇ ಮೈಕ್ರೋವೇವ್, ಆಂಟೆನಾ ಕಲಿಸಿದರು, ಆಂಟೆನಾ ಬಗ್ಗೆ ಪಠ್ಯಪುಸ್ತಕವನ್ನೂ ಬರೆದರು. ನಮ್ಮ ಕ್ಲಾಸಿನ ಎಷ್ಟು ಜನಕ್ಕೆ ಅವರ ಹೆಸರು ಗೊತ್ತು?

ಇಂಟರ್ನಲ್ಸ್‌ನ ಹತ್ತು ಅಂಕವನ್ನು ತಂತಿ ಕತ್ತರಿಸಿ ಡೈಪೋಲ್ ಮಾಡಿ ತೋರಿಸಿದವರಿಗೆ ಕೊಡಲಿ ಎಂಬುದು ಅಧ್ಯಾಪಕರಲ್ಲಿ ನನ್ನ ಕೋರಿಕೆ. ಓದಲು ಹೊರಟವರು ಎರಡನೇ ಅಧ್ಯಾಯದಿಂದ ನೇರ ನಾಲ್ಕಕ್ಕೆ ಹಾರಿ. ಮೂರರ ಗಣಿತವನ್ನು ಬೇಕಾದಾಗ ತಿರುಗಿ ನೋಡಿದರಾಯಿತು. ನಮ್ಮ ಲೈಬ್ರರಿಯ ಪ್ರತಿ ಸದ್ಯ ನನ್ನ ಹತ್ತಿರವಿದೆ, ಸೋಮವಾರ ವಾಪಸ್ ಕೊಡುತ್ತೇನೆ.