ವಿಳಂಬ ಗಣಕಯಂತ್ರದಲ್ಲಲ್ಲ, ತಂತಿಯಲ್ಲಿ

ಕೆಳಗೆ ಮಳಿಗೆ ಅಥವಾ ಕಾರ್ಯಾಗಾರ, ಮೇಲೆ ಮನೆ, ಮನೆಯ ಒಂದು ಕೋಣೆಯಲ್ಲಿ ಲೆಕ್ಕಪತ್ರದ ಕೆಲಸ. ಸಣ್ಣ ವರ್ತಕರ ಹಾಗೂ ಕಿರು ಉತ್ಪಾದಕರ ಎಷ್ಟೋ ಸಂಸ್ಥೆಗಳು ಇಂದಿಗೂ ನಡೆಯುವುದು ಹೀಗೆಯೇ. ಮೂರು ನಾಲ್ಕು ಗಣಕಯಂತ್ರಗಳನ್ನು ತಂತಿಯಿಂದ ಜೋಡಿಸಿರುತ್ತಾರೆ. ಅವುಗಳ ಪೈಕಿ ಒಂದರಲ್ಲಿ ಟ್ಯಾಲಿ ಲೆಕ್ಕಗಳು, ಬಿಲ್ಲುಗಳ ಸ್ಕ್ಯಾನ್ ಪ್ರತಿಗಳು, ಯಂತ್ರಭಾಗಗಳ ನಕ್ಷೆಗಳು ಇರುತ್ತವೆ. ಸಂಜೆ ಇವುಗಳ ಬ್ಯಾಕಪ್ ತೆಗೆಯಲು ಕುಳಿತರೆ ಬೇಗ ಮುಗಿಯುವುದಿಲ್ಲ. ನಾಳೆ ನೋಡೋಣವೆಂದು ಗುಮಾಸ್ತರು ಮನೆಗೆ ಹೊರಡುತ್ತಾರೆ. ಇಂಥ ನಾಳೆಗಳು ಕೂಡಿಕೊಂಡು ಮಾರ್ಚ್ ತಿಂಗಳು ಬರುತ್ತದೆ.

ಇದಕ್ಕೆ ಮಾಲೀಕರು ಸಾಮಾನ್ಯವಾಗಿ ಕಂಡುಕೊಳ್ಳುವ ಪರಿಹಾರವೆಂದರೆ ಹೊಸ ಗಣಕಯಂತ್ರದ ಖರೀದಿ, ಇಲ್ಲವೇ ಹೆಚ್ಚು ವೇಗದ ಅಂತರಜಾಲ ಸಂಪರ್ಕ. ಎರಡನೆಯದಂತೂ ಈ ಮಟ್ಟಿಗೆ ವ್ಯರ್ಥ ಖರ್ಚು. ಒಂದೇ ಕಟ್ಟಡದೊಳಗೆ ಒಂದು ಯಂತ್ರದಿಂದ ಮತ್ತೊಂದಕ್ಕೆ ಹೋಗುವ ಕಡತ ಅಂತರಜಾಲವನ್ನು ಮುಟ್ಟುವುದೇ ಇಲ್ಲ. ಅದು ಹಾಯುವುದು ಗೋಡೆಯ ತಂತಿ ಹಾಗೂ ಮೂಲೆಯಲ್ಲಿ ಧೂಳು ಹಿಡಿದಿರುವ ಸ್ವಿಚ್ಚಿನ ಮೂಲಕ. ಆ ಸ್ವಿಚ್ ಸೆಕೆಂಡಿಗೆ 100 ಮೆಗಾಬಿಟ್‌ನದಾಗಿದ್ದರೆ, ಎಂಟು ಬಿಟ್‌ಗೆ ಒಂದು ಬೈಟ್‌ನಂತೆ ಅದರ ಮಿತಿ 12.5 ಮೆಗಾಬೈಟ್, ಕೈಗೆ ದಕ್ಕುವುದು ಸುಮಾರು 11. ಅಂದರೆ 60 ಗಿಗಾಬೈಟ್ ಕಡತಗಳಿಗೆ ಒಂದೂವರೆ ಗಂಟೆ. ಗಿಗಾಬಿಟ್ ಸ್ವಿಚ್ ಇದ್ದಲ್ಲಿ, ಡಿಸ್ಕ್ ಸಹ ಸಹಕರಿಸಿದರೆ, ದೊಡ್ಡ ಕಡತಗಳು ಹತ್ತು ನಿಮಿಷದೊಳಗೆ ಸಾಗುತ್ತವೆ; ಸಾವಿರಾರು ಚಿಕ್ಕ ಕಡತಗಳಿದ್ದರೆ ಇನ್ನಷ್ಟು ಸಮಯ ಹಿಡಿಯುತ್ತದೆ. ತಾಮ್ರದ ತಂತಿಯ ಗಿಗಾಬಿಟ್ ಮಾನದಂಡ ಅಂಗೀಕಾರವಾದದ್ದು 1999ರಲ್ಲಿ. ಕಚೇರಿಯ ಬಹುಪಾಲು ಯಂತ್ರಗಳಲ್ಲಿ ಆ ಸಾಮರ್ಥ್ಯ ಈಗಾಗಲೇ ಇದೆ. ಬೆಲೆ ತೆತ್ತು ಕೊಂಡ ಆ ಸಾಮರ್ಥ್ಯವನ್ನು ಹಳೆಯ ಸ್ವಿಚ್ ಕಟ್ಟಿಹಾಕಿದೆ, ಅಷ್ಟೆ.

ಸ್ವಿಚ್ ಬದಲಿಸಿದರೂ ವೇಗ ಹೆಚ್ಚದಿದ್ದರೆ ತಂತಿಯನ್ನು ಶಂಕಿಸಬೇಕು. 100 ಮೆಗಾಬಿಟ್‌ಗೆ ಎರಡು ಜೊತೆ ಎಳೆಗಳು ಸಾಕು. ಗಿಗಾಬಿಟ್‌ಗೆ ನಾಲ್ಕು ಜೊತೆಯೂ ಬೇಕು. ಎಂಟರಲ್ಲಿ ಒಂದು ಎಳೆ ತುಂಡಾದರೂ ಸಂಪರ್ಕ ಕಡಿಯದೆ ಮೆಲ್ಲಗೆ 100ಕ್ಕೆ ಇಳಿಯುವುದುಂಟು, ಆದ್ದರಿಂದಲೇ ಯಾರ ಗಮನಕ್ಕೂ ಬಾರದು. ಅಲ್ಯೂಮಿನಿಯಂ ಮೇಲೆ ತಾಮ್ರ ಲೇಪಿಸಿದ ಅಗ್ಗದ ತಂತಿಯೂ ಮಾರುಕಟ್ಟೆಯಲ್ಲಿದೆ. ಅಪ್ಪಟ ತಾಮ್ರದ ಕ್ಯಾಟ್-6 ತಂತಿಯನ್ನೇ ಕೇಳಿ ಪಡೆಯುವುದು ಲೇಸು. 2016ರಲ್ಲಿ ಬಂದ 2.5 ಗಿಗಾಬಿಟ್ ಮಾನದಂಡದ ಉಪಕರಣಗಳನ್ನೂ ಅಂಗಡಿಯವರು ತೋರಿಸಬಹುದು. ಹಳೆಯ, ತಿರುಗುವ ಹಾರ್ಡ್ ಡಿಸ್ಕ್‌ಗಳನ್ನೇ ಇಟ್ಟುಕೊಂಡವರಿಗೆ ಅದರ ಪೂರ್ಣ ಲಾಭ ದೊರೆಯದು.

ಈ ಖರ್ಚನ್ನು ಅನುಕೂಲದ ಬಾಬ್ತೆಂದು ಮುಂದೂಡುವವರು ಕಾನೂನನ್ನು ಒಮ್ಮೆ ನೋಡಬೇಕು. ಜಿಎಸ್‌ಟಿ ನಿಯಮ 57ರಂತೆ ವಿದ್ಯುನ್ಮಾನ ದಾಖಲೆಗಳು ನಾಶವಾದರೂ ಸಮಂಜಸ ಅವಧಿಯಲ್ಲಿ ಮರಳಿ ಪಡೆಯುವಂತೆ ಬ್ಯಾಕಪ್ ಇಟ್ಟಿರಬೇಕು. ಕಲಂ 36ರಂತೆ ಲೆಕ್ಕಗಳನ್ನು ವಾರ್ಷಿಕ ವಿವರಣೆಯ ಕೊನೆಯ ದಿನಾಂಕದಿಂದ 72 ತಿಂಗಳು ಕಾಪಾಡಬೇಕು. ಕಂಪನಿಗಳಿಗಾದರೋ 2022ರ ಆಗಸ್ಟ್ ತಿದ್ದುಪಡಿಯ ನಂತರ ಭಾರತದೊಳಗಿನ ಸರ್ವರ್‌ನಲ್ಲಿ ಪ್ರತಿದಿನದ ಬ್ಯಾಕಪ್ ಕಡ್ಡಾಯ. ಒಂದೂವರೆ ಗಂಟೆ ಹಿಡಿಯುವ ಕೆಲಸ ಪ್ರತಿದಿನ ನಡೆಯುತ್ತದೆಂದು ನಂಬುವ ಮಾಲೀಕರು ಗುಮಾಸ್ತರ ಸಹನೆಯ ಮೇಲೆ ಅತಿಯಾದ ಭರವಸೆ ಇಟ್ಟಿದ್ದಾರೆ.

ಗಣಕಯಂತ್ರದೊಡನೆ ಬಳಸುವ ಸ್ವಿಚ್ ಹಾಗೂ ರೂಟರ್‌ಗಳಿಗೂ ಗಣಕಯಂತ್ರದ ಸವಕಳಿ ದರವೇ ಸಲ್ಲುತ್ತದೆಂದು ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿಯ ಮುಂಬಯಿ ವಿಶೇಷ ಪೀಠ 2010ರಲ್ಲಿ ತೀರ್ಪಿತ್ತಿದೆ. ಆಗ ಶೇ. 60 ಇದ್ದ ಆ ದರ 2017-18ನೇ ಆರ್ಥಿಕ ವರ್ಷದಿಂದ ಶೇ. 40ಕ್ಕೆ ಇಳಿದರೂ, ಸಾಮಾನ್ಯ ಯಂತ್ರೋಪಕರಣಗಳ ಶೇ. 15ಕ್ಕಿಂತ ಲಾಭಕರವೇ. ಹೂಡುವಳಿ ತೆರಿಗೆಯ ಜಮೆಯೂ ಉಂಟು, ಆದರೆ ವ್ಯವಹಾರಕ್ಕೆ ಬಳಸಿದ ಭಾಗಕ್ಕೆ ಮಾತ್ರ. ಮಕ್ಕಳ ಕೋಣೆಗೂ ಟಿವಿಗೂ ಎಳೆದ ತಂತಿಯ ಪಾಲನ್ನು ಬೇರ್ಪಡಿಸಿ, ಉಳಿದುದಕ್ಕೆ ಸಂಸ್ಥೆಯ ಹೆಸರು ಹಾಗೂ ಜಿಎಸ್‌ಟಿ ಸಂಖ್ಯೆಯುಳ್ಳ ಬಿಲ್ಲನ್ನು ಖರೀದಿಯ ದಿನವೇ ಪಡೆದಿಟ್ಟುಕೊಳ್ಳಬೇಕು.